ಯೋಚನೆಯೋ ಯೋಜನೆಯೋ: ಆತ್ಮಹತ್ಯೆಯ ಅಪಾಯ ಅಳೆಯುವ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಒರೆಗೆ ಹಚ್ಚುವ ಬಗೆ

‘ಯೋಚನೆ’ಗೂ ‘ಯೋಜನೆ’ಗೂ ಬರವಣಿಗೆಯಲ್ಲಿ ಒಂದೇ ಅಕ್ಷರದ ಅಂತರ. ಹೊರರೋಗಿ ವಿಭಾಗದ ಗದ್ದಲದಲ್ಲಿ, ತಲೆಯ ಮೇಲೆ ಫ್ಯಾನು ಗರಗರ ಎನ್ನುತ್ತಿರುವಾಗ ಸಂಶೋಧನಾ ಸಹಾಯಕಿ ಪ್ರಶ್ನೆ ಓದಿ ಹೇಳಿದರೆ ಆ ಅಂತರವೂ ಉಳಿಯುವುದಿಲ್ಲ. ಆದರೆ ಆತ್ಮಹತ್ಯೆಯ ಅಪಾಯ ಅಳೆಯುವ ಪ್ರಶ್ನಾವಳಿಗಳು ನಿಂತಿರುವುದೇ ಈ ಎರಡರ ನಡುವಿನ ವ್ಯತ್ಯಾಸದ ಮೇಲೆ. ಮನಸ್ಸಿನಲ್ಲಿ ಸುಳಿದು ಹೋದದ್ದು ಒಂದು ಮೆಟ್ಟಿಲು. ಹೇಗೆ, ಯಾವಾಗ ಎಂದು ಗೊತ್ತುಮಾಡಿಕೊಂಡದ್ದು ಅದಕ್ಕಿಂತ ಮೇಲಿನ ಮೆಟ್ಟಿಲು. ಸಾಲದ್ದಕ್ಕೆ ನಮ್ಮಲ್ಲಿ ‘ಯೋಚನೆ’ ಎಂದರೆ ಚಿಂತೆಯೂ ಹೌದು: ‘ಯೋಚನೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ’ ಎನ್ನುತ್ತೇವಲ್ಲ, ಹಾಗೆ. ‘ಯೋಜನೆ’ ಎಂದರೆ ಬಹಳ ಜನರಿಗೆ ಮೊದಲು ನೆನಪಾಗುವುದು ಸರ್ಕಾರದ ಯೋಜನೆ.

ಇಂಗ್ಲಿಷಿನಿಂದ ಬಂದ ಪ್ರಶ್ನಾವಳಿಯನ್ನು ಕನ್ನಡದ ವಯಸ್ಕರ ಮೇಲೆ ಬಳಸಲು ಹೊರಟಿರುವ ಮನಃಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಎಸ್‌ಬಿಕ್ಯೂ-ಆರ್ (ಆತ್ಮಹತ್ಯಾ ವರ್ತನೆಯ ಪ್ರಶ್ನಾವಳಿಯ ಪರಿಷ್ಕೃತ ರೂಪ) ಎಂಬ ಅಳತೆಗೋಲನ್ನು ಇಟ್ಟುಕೊಳ್ಳೋಣ. ಆಸ್ಮನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಇದರಲ್ಲಿ ನಾಲ್ಕೇ ಪ್ರಶ್ನೆಗಳು: ಇದುವರೆಗೆ ಆತ್ಮಹತ್ಯೆಯ ವಿಚಾರ ಅಥವಾ ಪ್ರಯತ್ನ ಇತ್ತೇ, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಆ ವಿಚಾರ ಬಂತು, ಯಾರಿಗಾದರೂ ಹೇಳಿದ್ದುಂಟೇ, ಮುಂದೆ ಪ್ರಯತ್ನಿಸುವ ಸಾಧ್ಯತೆ ಎಷ್ಟು. ಒಟ್ಟು ಅಂಕ 3ರಿಂದ 18. ನಾಲ್ಕೇ ಪ್ರಶ್ನೆ, ಒಂದು ಮಧ್ಯಾಹ್ನದಲ್ಲಿ ಅನುವಾದ ಮುಗಿದೀತು ಎನಿಸುತ್ತದೆ. ಮುಗಿಯುವುದಿಲ್ಲ.

ಪ್ರಶ್ನಾವಳಿ ತಾನು ಅಳೆಯಬೇಕಾದದ್ದನ್ನೇ ಅಳೆಯುತ್ತದೆಯೇ ಎಂಬುದಕ್ಕೆ ಬಳಸುವ ಸಿಂಧುತ್ವ ಎಂಬ ಪದದ ಬಗ್ಗೆ ಒಂದು ಮಾತು. ಬಿ.ಎಡ್. ಪುಸ್ತಕಗಳು ‘ಸಪ್ರಮಾಣತೆ’ ಎನ್ನುತ್ತವೆ. ನಾನು ಸಿಂಧುತ್ವ ಎನ್ನುತ್ತೇನೆ. ತೊಂದರೆ ಏನೆಂದರೆ, ಈ ಪದ ಕೇಳಿದೊಡನೆ ಜಾತಿ ಸಿಂಧುತ್ವ ಪ್ರಮಾಣಪತ್ರ ಕಣ್ಣೆದುರು ಬರುತ್ತದೆ. ಒಮ್ಮೆ ಮೊಹರು ಬಿದ್ದರೆ ಆಯಿತು, ಫೈಲಿನಲ್ಲಿಟ್ಟುಕೊಳ್ಳಬಹುದು. ಪ್ರಶ್ನಾವಳಿಗೆ ಅಂಥ ಪ್ರಮಾಣಪತ್ರ ಇಲ್ಲ. ‘ಈ ಪ್ರಶ್ನಾವಳಿ ಸಿಂಧು’ ಎಂಬ ವಾಕ್ಯವೇ ಅರ್ಧ. ಯಾರ ಮೇಲೆ, ಯಾವ ಕೆಲಸಕ್ಕೆ, ಓದಿಸಿಯೋ ಓದಿ ಹೇಳಿಯೋ ಎಂಬುದು ಸೇರಿದರೆ ಮಾತ್ರ ಅದು ಪೂರ್ತಿ.

ಮೊದಲು ಬೇಕೇ ಎಂದು ಕೇಳಿಕೊಳ್ಳಿ

ಬೇರೆಯವರು ಆಗಲೇ ಕನ್ನಡಕ್ಕೆ ತಂದಿದ್ದಾರೆಯೇ ಎಂದು ಹುಡುಕಿ. ಆತ್ಮಹತ್ಯೆಯ ಅಪಾಯವನ್ನು ಸಂದರ್ಶನದಲ್ಲಿ ಕೇಳಿ ಅಳೆಯುವ ಕೊಲಂಬಿಯಾ ಅಳತೆಗೋಲು ನೂರಕ್ಕೂ ಹೆಚ್ಚು ಭಾಷೆಗಳಲ್ಲಿದೆ, ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಕನ್ನಡದಲ್ಲೂ ಇದೆ. ಇಲ್ಲವಾದರೆ ಹಕ್ಕುದಾರರಿಗೆ ಬರೆದು ಅನುಮತಿ ಪಡೆಯಿರಿ, ಆ ಪತ್ರವನ್ನು ಜೋಪಾನ ಮಾಡಿ. ಅಂತರ್ಜಾಲದಲ್ಲಿ ಪಿಡಿಎಫ್ ಸಿಕ್ಕಿತು ಎನ್ನುವುದು ಅನುಮತಿಯಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು: ಈ ಅಂಕದಿಂದ ಏನು ಮಾಡುತ್ತೀರಿ? ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ ಫ್ರಾಂಕ್ಲಿನ್ ತಂಡದ 2017ರ ವಿಶ್ಲೇಷಣೆ, ಆತ್ಮಹತ್ಯೆಯನ್ನು ಮುಂಚಿತವಾಗಿ ಹೇಳುವುದರಲ್ಲಿ ನಮಗೆ ತಿಳಿದಿರುವ ಅಪಾಯಾಂಶಗಳು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಅಷ್ಟೇನೂ ಮೇಲಲ್ಲ ಎಂದು ತೋರಿಸಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ, ಮುಂದಿನ ಆತ್ಮಹತ್ಯೆಯನ್ನು ಊಹಿಸಲು ಇಂಥ ಅಳತೆಗೋಲುಗಳನ್ನು ಬಳಸಲೇಬೇಡಿ ಎನ್ನುತ್ತದೆ. ಹಾಗಾದರೆ ಇವು ಯಾತಕ್ಕೆ? ಮಾತು ಶುರುಮಾಡಲು, ಹೇಳದೆ ಉಳಿದವರನ್ನು ಗುರುತಿಸಿ ಕೂರಿಸಿ ಮಾತನಾಡಿಸಲು, ಒಂದು ಗುಂಪಿನ ಸ್ಥಿತಿಯನ್ನು ಅರಿಯಲು. ನಿಮ್ಮ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಅಪಾಯವನ್ನು ಊಹಿಸಲು’ ಎಂದು ಬರೆದಿದ್ದರೆ ಅಳಿಸಿ.

ಒಂದು ಹಾಳೆ ಹಂಚುವ ಮೊದಲೇ: ‘ಹೌದು’ ಎಂದವರಿಗೆ ಏನು?

ಈ ಹೆಜ್ಜೆಯನ್ನು ಪ್ರಬಂಧದ ‘ನೈತಿಕ ಅಂಶಗಳು’ ಎಂಬ ಎರಡು ಸಾಲಿಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನು ಹೊಸಬನಾಗಿದ್ದಾಗ ತುಂಬಿದ ನಮೂನೆಗಳನ್ನು ಕಂತೆ ಕಟ್ಟಿ, ವಾರಾಂತ್ಯದಲ್ಲಿ ಕಂಪ್ಯೂಟರಿಗೆ ಏರಿಸುತ್ತಿದ್ದೆ. ಒಂದು ಭಾನುವಾರ ಒಂದು ಹಾಳೆಯಲ್ಲಿ ಎಲ್ಲ ಪ್ರಶ್ನೆಗೂ ತುದಿಯ ಉತ್ತರ. ತುಂಬಿದ್ದು ಮಂಗಳವಾರ. ಮೇಲೆ ಸಂಕೇತ ಸಂಖ್ಯೆ ಮಾತ್ರ. ಹೆಸರಿನ ಪಟ್ಟಿ ಇದ್ದದ್ದು ಮಾರ್ಗದರ್ಶಕರ ಬೀರುವಿನಲ್ಲಿ, ಬೀಗದ ಹಿಂದೆ. ಆ ವ್ಯಕ್ತಿಯನ್ನು ಸೋಮವಾರ ಹುಡುಕಿ ಮಾತನಾಡಿಸಿದೆವು, ಅವರು ಚಿಕಿತ್ಸೆಗೂ ಬಂದರು. ಆ ಭಾನುವಾರದ ರಾತ್ರಿ ಮಾತ್ರ ಈಗಲೂ ನೆನಪಿದೆ.

ಆದ್ದರಿಂದ ನಿಯಮ ಇದು: ಉತ್ತರಿಸಿದವರು ಕೋಣೆ ಬಿಟ್ಟು ಹೋಗುವ ಮೊದಲು ಯಾರಾದರೂ ಆ ಹಾಳೆಯನ್ನು ನೋಡಿರಬೇಕು. ಯಾವ ಪ್ರಶ್ನೆಗೆ ಯಾವ ಉತ್ತರ ಬಂದರೆ ಆ ಕ್ಷಣವೇ ತರಬೇತಿ ಪಡೆದವರು ಮಾತನಾಡಿಸಬೇಕು, ಅವರಿಲ್ಲದಿದ್ದರೆ ಯಾರಿಗೆ ಫೋನು, ರಾತ್ರಿಯಾಗಿದ್ದರೆ ಎಲ್ಲಿಗೆ ಕರೆದೊಯ್ಯುವುದು, ಇವೆಲ್ಲವನ್ನೂ ಮೊದಲೇ ಬರೆದಿಟ್ಟು ಸಾಂಸ್ಥಿಕ ನೈತಿಕ ಸಮಿತಿಯ ಮುಂದಿಡಿ. ಒಪ್ಪಿಗೆ ಪತ್ರದಲ್ಲಿ ‘ಎಲ್ಲವೂ ಗೋಪ್ಯ’ ಎಂದು ಬರೆಯಬೇಡಿ. ಜೀವಕ್ಕೆ ಅಪಾಯವಿದೆ ಎನಿಸಿದರೆ ಗೋಪ್ಯತೆ ಮುರಿಯುತ್ತೇವೆ ಎಂದು ಮೊದಲೇ ಹೇಳಿ. ಹೆಸರಿಲ್ಲದ ಆನ್‌ಲೈನ್ ಸಮೀಕ್ಷೆಯಲ್ಲಿ ಇದು ಯಾವುದೂ ಸಾಧ್ಯವಿಲ್ಲ. ಮೊದಲ ಹಂತದ ಒರೆಗೆ ಹಚ್ಚುವಿಕೆಗೆ ಆ ದಾರಿ ಹಿಡಿಯದಿರುವುದೇ ಒಳ್ಳೆಯದು.

ಸಮಿತಿಯಲ್ಲಿ ಒಬ್ಬರಾದರೂ ‘ಹೀಗೆಲ್ಲ ಕೇಳಿದರೆ ಇಲ್ಲದವರಿಗೂ ತಲೆಯಲ್ಲಿ ಹುಳ ಬಿಟ್ಟಂತಾಗುವುದಿಲ್ಲವೇ’ ಎನ್ನುತ್ತಾರೆ. ಇಲ್ಲ. ಡಾಜ್ಜಿ ಮತ್ತು ಸಂಗಡಿಗರ 2014ರ ಸಮೀಕ್ಷಾ ಲೇಖನವೂ ಸೇರಿದಂತೆ ಇದನ್ನು ಪರಿಶೀಲಿಸಿದವರು, ಕೇಳುವುದರಿಂದ ಆತ್ಮಹತ್ಯೆಯ ವಿಚಾರಗಳು ಹೆಚ್ಚುತ್ತವೆ ಎಂಬುದಕ್ಕೆ ಆಧಾರ ಕಂಡಿಲ್ಲ.

ಉತ್ತರಿಸುವವರ ಭಯ ಬೇರೆ: ‘ಕೇಸ್ ಆಗುತ್ತದೆಯೇ?’ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಬಿಟ್ಟುಹೋದ ನೆರಳು ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಅಪರಾಧವೇ ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ಅವರ ಕರ್ತವ್ಯ ತಡೆಯಲು ಮಾಡಿದ ಪ್ರಯತ್ನದ ಬಗ್ಗೆ ಮಾತ್ರ 226ನೇ ಕಲಂ ಉಳಿದಿದೆ. ಇದನ್ನು ಸರಳವಾಗಿ ವಿವರಿಸಲು ನಿಮ್ಮ ಸಹಾಯಕರಿಗೆ ಬರಬೇಕು. ಬಾರದಿದ್ದರೆ ಮೊದಲ ಪ್ರಶ್ನೆಗೆ ಎಲ್ಲರ ಉತ್ತರ ‘ಎಂದೂ ಇಲ್ಲ’.

ಅನುವಾದ, ಮತ್ತು ಹಿಮ್ಮುಖ ಅನುವಾದದ ಮೋಸ

ಕ್ರಮ ಎಲ್ಲರಿಗೂ ಗೊತ್ತಿರುವುದೇ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಸೇರಿಸಿ ಒಂದು ಪ್ರತಿ. ಮೂಲವನ್ನು ನೋಡಿರದ ಇಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಒಯ್ಯುತ್ತಾರೆ. ನಂತರ ತಜ್ಞರ ಸಮಿತಿ. ಬ್ರಿಸ್ಲಿನ್ 1970ರಲ್ಲಿ ಹಿಮ್ಮುಖ ಅನುವಾದದ ದಾರಿ ತೋರಿದರು, ಬೀಟನ್ ತಂಡ 2000ದಲ್ಲಿ ಇಡೀ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿತು.

ಆದರೆ ‘ಯೋಜನೆ’ ಎಂದು ಬರೆದು ಹಿಮ್ಮುಖ ಅನುವಾದಕ್ಕೆ ಕೊಟ್ಟು ನೋಡಿ. ಅಚ್ಚುಕಟ್ಟಾಗಿ ‘ಪ್ಲಾನ್’ ಎಂದೇ ಮರಳಿ ಬರುತ್ತದೆ. ಸಮಿತಿ ತಲೆದೂಗುತ್ತದೆ. ಕಾಗದದ ಮೇಲೆ ಪಾಸಾದ ಪದ ಕಿವಿಯ ಬಳಿ ನಪಾಸಾಗುವುದನ್ನು ಈ ವಿಧಾನ ತೋರಿಸಲಾರದು. ಹಿಮ್ಮುಖ ಅನುವಾದ ಮಾಡುವವರು ನಮ್ಮಂತೆಯೇ ಎರಡು ಭಾಷೆಯಲ್ಲಿ ಓದಿ ಬರೆಯುವವರು. ಅವರಿಗೆ ಮೂಲದ ವಾಸನೆ ಹತ್ತುತ್ತದೆ.

ನಾಲ್ಕು ಪ್ರಶ್ನೆಗಳಲ್ಲಿ ಎಲ್ಲೆಲ್ಲಿ ಕಾಲು ಜಾರುತ್ತದೆ ನೋಡಿ. ಎರಡನೆಯ ಪ್ರಶ್ನೆಯ ‘ಕಳೆದ ವರ್ಷ’ ಎಂಬುದನ್ನು ಕೆಲವರು ಹೋದ ಜನವರಿಯಿಂದ ಡಿಸೆಂಬರ್‌ವರೆಗೆ ಎಂದು ತಿಳಿಯುತ್ತಾರೆ. ‘ಕಳೆದ ಹನ್ನೆರಡು ತಿಂಗಳಲ್ಲಿ’ ಎಂದು ಬರೆದು, ಓದಿ ಹೇಳುವಾಗ ‘ಹೋದ ಯುಗಾದಿಯಿಂದ ಈಚೆಗೆ’ ಎಂಬಂಥ ಗುರುತು ಕೊಡಿ. ಅದೇ ಪ್ರಶ್ನೆಯ ಆಯ್ಕೆಗಳಿಗೆ ‘ಆಗಾಗ’ ಬಳಸಬೇಡಿ; ಕೆಲವರಿಗೆ ಅದು ಅಪರೂಪ, ಕೆಲವರಿಗೆ ಪದೇ ಪದೇ. ಮೂಲದಲ್ಲಿ ಆಯ್ಕೆಯ ಪಕ್ಕ ಎಷ್ಟು ಸಲ ಎಂಬ ಸಂಖ್ಯೆಯೇ ಇದೆ, ಅದನ್ನು ಬಿಡದೆ ಉಳಿಸಿ.

ಮೂರನೆಯದು, ಯಾರಿಗಾದರೂ ಹೇಳಿದ್ದುಂಟೇ ಎಂಬುದು. ‘ನಾನು ಸತ್ತರೆ ನಿಮಗೆ ಸಮಾಧಾನ’ ಎಂಬ ಮಾತು ನಮ್ಮ ಎಷ್ಟು ಮನೆಗಳ ಜಗಳದಲ್ಲಿ ಬಂದು ಹೋಗುವುದಿಲ್ಲ? ಅದೂ ಲೆಕ್ಕಕ್ಕೆ ಬರುತ್ತದೆಯೇ? ಬರುತ್ತದೆಯೋ ಇಲ್ಲವೋ ನೀವು ಮೊದಲೇ ತೀರ್ಮಾನಿಸಿ ಸಹಾಯಕರಿಗೆ ಹೇಳಿರಬೇಕು, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ರೀತಿ ಗುರುತು ಹಾಕುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ತೊಡಕಿನದು. ಮೂಲದಲ್ಲಿ 0ಗೆ ‘ಎಂದೂ ಇಲ್ಲ’, 1ಕ್ಕೆ ‘ಸಾಧ್ಯತೆಯೇ ಇಲ್ಲ’. ಕನ್ನಡದಲ್ಲಿ ಇವೆರಡರ ನಡುವೆ ಕೂದಲೆಳೆ ಹಾಯಿಸಲೂ ಜಾಗವಿಲ್ಲ. ಇಂಗ್ಲಿಷಿನಲ್ಲೂ ಇಲ್ಲ ಎಂಬುದು ನನ್ನ ಅನಿಸಿಕೆ. ಇದರ ಜೊತೆಗೆ ನಮ್ಮದೇ ಇನ್ನೊಂದು ತೊಡಕು: ಭವಿಷ್ಯದ ಕೇಡನ್ನು ಬಾಯಲ್ಲಿ ಆಡಬಾರದು, ಅಸ್ತು ಎನ್ನುವ ದೇವತೆಗಳು ಓಡಾಡುತ್ತಿರುತ್ತಾರೆ. ‘ಬಿಡ್ತು ಅನ್ನಿ’ ಎಂದು ಗದರುವ ಹೆಂಗಸಿಗೆ ನೀವು 0 ಹಾಕಿದರೆ ಅಳೆದದ್ದು ಅಪಾಯವನ್ನಲ್ಲ, ಶಕುನದ ಅಂಜಿಕೆಯನ್ನು. ಆಯ್ಕೆಗಳ ಸಂಖ್ಯೆಯನ್ನು ನೀವಾಗಿ ಕಡಿಮೆ ಮಾಡಬೇಡಿ, ಮಾಡಿದರೆ ಅಂಕಗಳನ್ನು ಬೇರೆ ದೇಶದವುಗಳೊಂದಿಗೆ ಹೋಲಿಸಲಾಗುವುದಿಲ್ಲ. ಏಳೂ ಆಯ್ಕೆಗಳನ್ನು ಮೆಟ್ಟಿಲಿನ ಚಿತ್ರದಂತೆ ಮುದ್ರಿಸಿ ಬೆರಳಿಟ್ಟು ತೋರಿಸಲು ಬಿಡಬಹುದು. ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆಯಿರಿ.

ತಜ್ಞರು ಪ್ರತಿ ಪ್ರಶ್ನೆಗೂ ಪ್ರಸ್ತುತತೆಯ ಅಂಕ ಕೊಡಲಿ. ಆರು ಅಥವಾ ಹೆಚ್ಚು ತಜ್ಞರಿದ್ದರೆ ಪ್ರಶ್ನೆಯೊಂದಕ್ಕೆ 0.78 (ಶೇ 78 ತಜ್ಞರ) ಒಪ್ಪಿಗೆ ಬೇಕೆಂಬುದು ರೂಢಿಯ ಅಳತೆ. ತಜ್ಞರಲ್ಲಿ ಒಬ್ಬರಾದರೂ ಧಾರವಾಡದ ಕಡೆಯವರೋ ಕಲಬುರಗಿಯವರೋ ಇರಲಿ, ಎಲ್ಲರೂ ಬೆಂಗಳೂರಿನವರೇ ಆಗಬಾರದು.

ಎದುರು ಕೂತು ಕೇಳುವುದು

ಇಡೀ ಕೆಲಸದ ಜೀವ ಇಲ್ಲಿದೆ, ಹಾಗೂ ಹೆಚ್ಚಿನವರು ಹಾರಿಸುವ ಮೆಟ್ಟಿಲೂ ಇದೇ. ಹದಿನೈದು ಇಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ‘ಈ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಿ. ‘ಅರ್ಥವಾಯಿತೇ?’ ಎಂದು ಮಾತ್ರ ಕೇಳಬೇಡಿ. ಡಾಕ್ಟರ ಕಡೆಯವರು ಕೇಳಿದರೆ ನಮ್ಮ ಜನ ಆಯಿತು ಎಂದೇ ಹೇಳುವುದು.

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆಯ ಮಾದರಿಯಲ್ಲಿ ‘ನಿಮಗೆ ನೀವೇ ನೋವು ಮಾಡಿಕೊಳ್ಳುವ ವಿಚಾರ ಬಂದಿದೆಯೇ’ ಎಂದು ಕೇಳಿದಿರಿ ಎನ್ನಿ. ಐವತ್ತು ದಾಟಿದ ತಾಯಿಯೊಬ್ಬರು ‘ದಿನಾ’ ಎನ್ನುತ್ತಾರೆ. ನೀವು ಗಾಬರಿಯಾಗುತ್ತೀರಿ. ನಿಮ್ಮ ಮಾತಿನಲ್ಲಿ ಹೇಳಿ ಅಮ್ಮ ಎಂದರೆ, ‘ಸೊಸೆ ಒಂದು ಮಾತು ಅಂದರೂ ನಾನೇ ಮನಸ್ಸಿಗೆ ಹಚ್ಚಿಕೊಂಡು ನೋವು ಮಾಡಿಕೊಳ್ಳುತ್ತೇನೆ, ಅದನ್ನೇ ಅಲ್ಲವೇ ನೀವು ಕೇಳಿದ್ದು?’ ಅವರ ತಪ್ಪೇನೂ ಇಲ್ಲ, ಕನ್ನಡದಲ್ಲಿ ‘ನೋವು ಮಾಡಿಕೊಳ್ಳುವುದು’ ಎಂದರೆ ಅದೇ. ‘ದೇಹಕ್ಕೆ ಗಾಯ ಮಾಡಿಕೊಳ್ಳುವುದು’ ಎಂದು ಬದಲಿಸಿದರೆ ಉತ್ತರವೂ ಬದಲಾಗುತ್ತದೆ.

ಇದರ ತಿರುವುಮುರುವೂ ಉಂಟು. ‘ಸಾಯುವ ವಿಚಾರ ಇಲ್ಲಪ್ಪ’ ಎಂದ ಅಜ್ಜ ಮರುಕ್ಷಣ ‘ಮೇಲಿನವನು ಕರೆಸಿಕೊಂಡರೆ ಸಾಕಾಗಿದೆ, ಭೂಮಿಗೆ ಭಾರ’ ಎನ್ನಬಹುದು. ಇದು ಮುಪ್ಪಿನ ಮಾತೋ, ಬದುಕು ಸಾಕೆನಿಸಿದ್ದರ ಸುಳಿವೋ, ಅಂಕ ಹೇಳಲಾರದು. ಮುಂದಿನ ಪ್ರಶ್ನೆ ಕೇಳಬೇಕು.

ಊರಿನ ಪದಗಳ ಪಟ್ಟಿಯನ್ನೂ ಈ ಹಂತದಲ್ಲೇ ಮಾಡಿಕೊಳ್ಳಿ. ಉತ್ತರ ಕರ್ನಾಟಕದ ಹೊಲದಲ್ಲಿ ‘ಎಣ್ಣೆ’ ಎಂದರೆ ಬೆಳೆಗೆ ಸಿಂಪಡಿಸುವುದು, ಬೆಂಗಳೂರಿನ ಬಾಯಲ್ಲಿ ಮದ್ಯ, ಅಡುಗೆಮನೆಯಲ್ಲಿ ಎಣ್ಣೆಯೇ. ‘ಔಷಧಿ’ಗೂ ಇದೇ ಪಾಡು. ಹಿಂದಿನ ಪ್ರಯತ್ನದ ಬಗ್ಗೆ ಹೇಳುವಾಗ ಬರುವ ಇಂಥ ಪದವನ್ನು ಹೊರಗಿನಿಂದ ಬಂದ ಸಂದರ್ಶಕ ಕುಡಿತದ ಚಟ ಎಂದು ಬರೆದುಕೊಂಡರೆ ಒಂದು ಜೀವದ ಚರಿತ್ರೆಯೇ ತಪ್ಪಾಗುತ್ತದೆ. ಪತ್ರಿಕೆಯ ಪದಗಳನ್ನೂ ದೂರವಿಡಿ: ‘ಆತ್ಮಹತ್ಯೆಗೆ ಶರಣು’, ‘ಜಿಗುಪ್ಸೆಗೊಂಡು’ ಇವು ಯಾರೂ ತಮ್ಮ ಬಗ್ಗೆ ಆಡುವ ಮಾತಲ್ಲ. ‘ಜೀವ ಕಳೆದುಕೊಳ್ಳಬೇಕು ಎನಿಸಿತ್ತೇ’ ಎಂದರೆ ಎಲ್ಲ ಕಡೆಯೂ ತಲುಪುತ್ತದೆ. ‘ಯೋಜನೆ’ಯ ಜಾಗಕ್ಕೆ ‘ಹೇಗೆ, ಯಾವಾಗ ಎಂದು ಗೊತ್ತುಮಾಡಿಕೊಂಡಿದ್ದಿರೇ’ ಎಂದು ಬರೆಯಿರಿ. ಉದ್ದವಾಯಿತು, ಆದರೆ ತಪ್ಪು ಕೇಳಿಸುವುದಿಲ್ಲ.

2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ 75.36. ಅಂದರೆ ಓದಿ ಹೇಳುವುದು ತಪ್ಪಿದ್ದಲ್ಲ. ತಾವೇ ತುಂಬುವವರು, ಓದಿಸಿಕೊಂಡು ಹೇಳುವವರು ಇಬ್ಬರನ್ನೂ ಬೇರೆ ಬೇರೆ ಪರೀಕ್ಷಿಸಿ. ಜೊತೆಗೆ ಬಂದವರನ್ನು ಹೊರಗೆ ಕೂರಿಸಲು ಒಂದು ಉಪಾಯ ಬೇಕು. ಗಂಡನ ಅಥವಾ ಅತ್ತೆಯ ಎದುರು ಈ ಪ್ರಶ್ನೆಗಳಿಗೆ ನಿಜವಾದ ಉತ್ತರ ಬರುವುದಿಲ್ಲ. ‘ನೀವು ಅಷ್ಟರಲ್ಲಿ ಚೀಟಿ ಮಾಡಿಸಿಕೊಂಡು ಬನ್ನಿ’ ಎನ್ನುವುದು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ.

ಲೆಕ್ಕದ ಹೊತ್ತು

ಇಲ್ಲಿಂದ ಮುಂದೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ, ತಪ್ಪುವ ಕಡೆಗಳನ್ನಷ್ಟೇ ಹೇಳುತ್ತೇನೆ.

‘ಪ್ರಶ್ನೆಗೆ ಹತ್ತು ಜನ’ ಎಂಬ ಹಳೆಯ ಲೆಕ್ಕದಂತೆ ನಾಲ್ಕು ಪ್ರಶ್ನೆಗೆ ನಲವತ್ತು ಜನ ಸಾಕು ಎಂದುಕೊಳ್ಳಬೇಡಿ. ಸಾಮಾನ್ಯ ಜನರಲ್ಲಿ ಬಹುಪಾಲು ಉತ್ತರ ‘ಇಲ್ಲ’ ಎಂದೇ ಇರುತ್ತದೆ. ಇನ್ನೂರು ಮುನ್ನೂರು ಜನರಿದ್ದರೂ ಮೇಲಿನ ಆಯ್ಕೆಗಳ ಖಾನೆ ಖಾಲಿ ಉಳಿದೀತು. ಸಮುದಾಯದವರ ಜೊತೆ ಮನೋವೈದ್ಯಕೀಯ ವಿಭಾಗದವರನ್ನೂ ಸೇರಿಸಿ, ಆದರೆ ಫಲಿತಾಂಶವನ್ನು ಎರಡು ಗುಂಪಿಗೂ ಬೇರೆ ಬೇರೆ ಕೊಡಿ.

ಮೆಟ್ಟಿಲು ಮೆಟ್ಟಿಲಾದ, ಒಂದು ಕಡೆ ವಾಲಿದ ಇಂಥ ಉತ್ತರಗಳಿಗೆ ಸಾಮಾನ್ಯ ಪಿಯರ್ಸನ್ ಸಹಸಂಬಂಧ ಹೊಂದುವುದಿಲ್ಲ. ಮೆಟ್ಟಿಲು ಉತ್ತರಗಳಿಗೆಂದೇ ಇರುವ ಪಾಲಿಕೋರಿಕ್ ಸಹಸಂಬಂಧ ಬಳಸಿ, ಪ್ರಶ್ನೆಗಳೆಲ್ಲ ಒಂದೇ ಸಂಗತಿಯನ್ನು ಅಳೆಯುತ್ತವೆಯೇ ಎಂದು ನೋಡುವ ಅಂಶ ವಿಶ್ಲೇಷಣೆಗೂ ಅದೇ ಆಧಾರವಾಗಲಿ. ನಾಲ್ಕು ಪ್ರಶ್ನೆಗಳ ಏಕಾಂಶ ಮಾದರಿಗೆ ಉಳಿಯುವ ಸ್ವಾತಂತ್ರ್ಯ ಮಾತ್ರೆಗಳು (ಡಿಗ್ರೀಸ್ ಆಫ್ ಫ್ರೀಡಮ್) ಎರಡೇ. ಹೀಗಿರುವಾಗ ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂದು ಹೇಳುವ ಆರ್‌ಎಂಎಸ್‌ಇಎ ಕೆಟ್ಟದಾಗಿ ಬಂದರೂ ಅದರ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಕ್ರಾನ್‌ಬ್ಯಾಕ್ ಆಲ್ಫಾ ನಮ್ಮ ಪ್ರಬಂಧಗಳ ಕುಲದೇವತೆ. 0.85 ಬಂದರೆ ಸಿಂಧುತ್ವ ಸಿದ್ಧವಾಯಿತು ಎಂದು ಬರೆಯುವವರು ಈಗಲೂ ಇದ್ದಾರೆ. ಅದು ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದನ್ನು ಮಾತ್ರ ಹೇಳುತ್ತದೆ. ನಾಲ್ಕನ್ನೂ ಜನ ಒಂದೇ ರೀತಿ ತಪ್ಪಾಗಿ ತಿಳಿದಿದ್ದರೂ ಆಲ್ಫಾ ಏರುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮ: ನಾಲ್ಕು ಪ್ರಶ್ನೆಗಳ ಅಂಕ ಕ್ರಮವಾಗಿ 1-4, 1-5, 1-3, 0-6. ಆ ತೊಡಕಿನ ನಾಲ್ಕನೆಯ ಪ್ರಶ್ನೆಗೇ ಒಟ್ಟು ಅಂಕದಲ್ಲಿ ದೊಡ್ಡ ಪಾಲು. ಆಲ್ಫಾದಂಥದ್ದೇ ಇನ್ನೊಂದು ಅಳತೆಯಾದ ಒಮೆಗಾವನ್ನೂ ಕೊಡಿ, ನಾಲ್ಕನೆಯದನ್ನು ತೆಗೆದಾಗ ಏನಾಗುತ್ತದೆಂದೂ ತೋರಿಸಿ.

ಎರಡು ವಾರದ ನಂತರ ಮತ್ತೆ ಕೇಳಿ ಹೋಲಿಸುವಾಗ ಪ್ರಶ್ನೆಗಳನ್ನು ಬೇರ್ಪಡಿಸಿ. ಇಡೀ ಜೀವನದ ಬಗೆಗಿನ ಉತ್ತರ ಬದಲಾಗಬಾರದು. ‘ಪ್ರಯತ್ನಿಸಿದ್ದೆ’ ಎಂದವರು ಎರಡು ವಾರ ಬಿಟ್ಟು ‘ಎಂದೂ ಇಲ್ಲ’ ಎಂದರೆ ಕಾರಣ ಹುಡುಕಿ. ಮುಂದಿನ ಸಾಧ್ಯತೆಯ ಉತ್ತರ ಬದಲಾದರೆ ಅದು ಅಳತೆಗೋಲಿನ ದೋಷವೇ ಆಗಬೇಕಿಲ್ಲ, ಮನಸ್ಸು ಬದಲಾಗಿರಬಹುದು.

ಕಟ್‌ಆಫ್ ಎಂಬ ಎರವಲು

ಕಟ್‌ಆಫ್ ಎಂದರೆ ಅಪಾಯವಿದೆ ಎಂದು ಎಣಿಸಲು ಮುಟ್ಟಬೇಕಾದ ಅಂಕ. ಮೂಲ ಅಧ್ಯಯನದಲ್ಲಿ ಸಾಮಾನ್ಯ ಗುಂಪಿಗೆ 7, ಮನೋವೈದ್ಯಕೀಯ ಒಳರೋಗಿಗಳಿಗೆ 8 ಎಂಬ ಕಟ್‌ಆಫ್ ಇತ್ತು. ಅದನ್ನು ಹಾಗೆಯೇ ಎತ್ತಿಕೊಂಡು ಬಂದು ಕನ್ನಡದಲ್ಲಿ ಬಳಸುವುದು ಅಂಗಡಿಯವನ ತಕ್ಕಡಿಯನ್ನು ನೋಡದೆ ಬೆಲೆ ಕೊಟ್ಟಂತೆ. ನಿಮ್ಮದೇ ಕಟ್‌ಆಫ್ ಕಂಡುಕೊಳ್ಳಲು ಪ್ರಶ್ನಾವಳಿಯ ಅಂಕ ತಿಳಿಯದ, ತರಬೇತಾದ ಸಂದರ್ಶಕರು ಅದೇ ದಿನ ಮಿನಿ (ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಸಿದ್ಧ ಸಂದರ್ಶನ) ಅಥವಾ ಕೊಲಂಬಿಯಾ ಸಂದರ್ಶನ ನಡೆಸಬೇಕು. ‘ಹಿಂದೆ ಪ್ರಯತ್ನಿಸಿದ್ದೀರಾ’ ಎಂಬ ಒಂದೇ ಪ್ರಶ್ನೆಯನ್ನು ಮಾನದಂಡ ಮಾಡಿಕೊಳ್ಳಬೇಡಿ: ಅದು ಪ್ರಶ್ನಾವಳಿಯ ಒಳಗೇ ಇದೆ, ಕನ್ನಡಿಯನ್ನು ಕನ್ನಡಿಯಿಂದ ಪರೀಕ್ಷಿಸಿದಂತಾಗುತ್ತದೆ.

ಕಟ್‌ಆಫ್ ಆರಿಸಲು ಬಳಸುವ ಯೂಡನ್ ಸೂಚ್ಯಂಕವನ್ನು, ಕಂಪ್ಯೂಟರ್ ತಾನೇ ಕೊಡುತ್ತದೆಂಬ ಕಾರಣಕ್ಕೆ ಒಪ್ಪಿಕೊಳ್ಳಬೇಡಿ. ಅಪಾಯದಲ್ಲಿರುವವರನ್ನು ಬಿಟ್ಟುಬಿಡುವುದನ್ನೂ ಇಲ್ಲದವರನ್ನು ಹಿಡಿಯುವುದನ್ನೂ ಅದು ಒಂದೇ ತೂಕದಲ್ಲಿ ನೋಡುತ್ತದೆ. ನಮಗೆ ಒಂದೇ ತೂಕವೇ?

ಒಂದು ಲೆಕ್ಕವನ್ನು ಕೈಯಲ್ಲೇ ಮಾಡಿ. ಸಾವಿರ ಜನರಲ್ಲಿ ಸಂದರ್ಶನದ ಪ್ರಕಾರ ನಿಜವಾದ ಅಪಾಯದಲ್ಲಿರುವವರು 40 ಎಂದುಕೊಳ್ಳಿ. ಪ್ರಶ್ನಾವಳಿ ಅವರಲ್ಲಿ ಶೇ 90 ಜನರನ್ನು ಹಿಡಿಯುತ್ತದೆ: 36. ಉಳಿದ 960ರಲ್ಲಿ ಶೇ 90 ಜನರನ್ನು ಸರಿಯಾಗಿ ಬಿಡುತ್ತದೆ, ಅಂದರೆ 96 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಒಟ್ಟು ಸಿಕ್ಕವರು 132, ನಿಜವಾದವರು 36: ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಶೇ 90 ಎಂಬ ಎರಡು ಚೆಂದದ ಅಂಕಿಗಳ ಹಿಂದೆ ಇರುವುದು ಇದು. 132 ಜನರ ಜೊತೆ ಅದೇ ದಿನ ಮಾತನಾಡಲು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ? ಕಟ್‌ಆಫ್ ನಿರ್ಧಾರದಲ್ಲಿ ಈ ಪ್ರಶ್ನೆಯೂ ಸೇರಬೇಕು. ಜೊತೆಗೆ 4 ಜನ ಕೈತಪ್ಪಿದ್ದಾರೆ. ಅಂಕ ಕಡಿಮೆ ಬಂತೆಂದು ಯಾರನ್ನೂ ‘ಅಪಾಯವಿಲ್ಲ’ ಎಂದು ಬರೆದು ಕಳುಹಿಸಬೇಡಿ.

ಬರೆದಿಡುವುದು

ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಸ್ಟಾರ್ಡ್ 2015 ಮತ್ತು ಕಾಸ್ಮಿನ್ ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅವು ಕೇಳದ ಒಂದನ್ನು ನಾನು ಕೇಳುತ್ತೇನೆ: ಯಾವ ಪದ ಮೊದಲು ಇತ್ತು, ಯಾರ ಯಾವ ಉತ್ತರದಿಂದ ಅದು ಬದಲಾಯಿತು ಎಂಬ ಎರಡು ಪುಟದ ಪಟ್ಟಿ. ನಿಮ್ಮ ಆಲ್ಫಾಕ್ಕಿಂತ ಆ ಪಟ್ಟಿ ಮುಂದೆ ಬಳಸುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಮೂನೆಯ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ ಇರಲಿ. ಜೆರಾಕ್ಸ್ ಆಗಿ ಆಗಿ ಹಳೆಯ ‘ಯೋಜನೆ’ಯ ಪ್ರತಿಯೇ ಯಾವುದೋ ತಾಲೂಕು ಆಸ್ಪತ್ರೆಯಲ್ಲಿ ಓಡಾಡುತ್ತಿರುತ್ತದೆ.

ಹಾಳೆಯ ಕೆಳಗೆ ಹರಿದುಕೊಂಡು ಹೋಗಬಹುದಾದ ಒಂದು ಪಟ್ಟಿಯನ್ನು ಬಿಟ್ಟು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416 ಅನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು ಎಂದು ಪಕ್ಕದಲ್ಲೇ ಬರೆಯಿರಿ. ಎಲ್ಲದಕ್ಕೂ ‘ಎಂದೂ ಇಲ್ಲ’ ಎಂದವರಿಗೂ ಅದನ್ನು ಹರಿದು ಕೊಡಿ.